ಬೀಳೆಂಬುದು ಬರಡಲ್ಲ



ಅಳಿದುಹೋಗುತ್ತಿರುವ ಪ್ರಾಣಿಪಕ್ಷಿಗಳನ್ನು ಉಳಿಸಬೇಕೆಂದು ಹೇಳಿದರೆ, “ಅವುಗಳಿಂದ ನಮಗೇನು ಉಪಯೋಗ, ಬುದ್ಧಿ?” ಎಂದು ಕೇಳುವವರಿದ್ದಾರೆ. ದನಕುರಿ ಸಾಕಿ, ಮಳೆ ನಂಬಿ ಬಾಳುವವನು ಹಾಗೆ ಕೇಳುವುದು ತಪ್ಪಲ್ಲ. ಆದರೆ ಉಪಯೋಗವು ಇರುವಾಗ ಕಾಣದೆ, ಹೋದ ಮೇಲೆ ಕಾಣುವುದುಂಟು. ಅದಕ್ಕೆ ರಣಹದ್ದೇ ಸಾಕ್ಷಿ.

ಹಿಂದೆ ಊರಾಚೆ ದನ ಸತ್ತು ಬಿದ್ದರೆ ರಣಹದ್ದುಗಳು ಇಳಿದು ಹೊತ್ತು ಮುಳುಗುವುದರೊಳಗೆ ಮೂಳೆ ಮಾತ್ರ ಉಳಿಸುತ್ತಿದ್ದುವು. ಅದನ್ನು ನಾವು ಅಪಶಕುನದ ಹಕ್ಕಿಯೆಂದೆವು. 1990ರ ದಶಕದಿಂದೀಚೆಗೆ ಅವು ಕಾಣದಾದುವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಹದಿನೈದೇ ವರ್ಷಗಳಲ್ಲಿ ಅಳಿದುವು. ಅವನ್ನು ಯಾರೂ ಬಂದೂಕಿನಿಂದ ಕೊಲ್ಲಲಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸಿತು. ಹದ್ದು ಹೋಯಿತು, ಹೆಣ ಉಳಿಯಿತು. ಹೆಣಕ್ಕೆ ಬೀದಿನಾಯಿಗಳು ಸೇರಿದುವು. ನಾಯಿ ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚಿತು. 2006ರಲ್ಲಿ ಸರ್ಕಾರ ಆ ಔಷಧವನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮವಾಯಿತು. ಅಷ್ಟು ಹೊತ್ತಿಗೆ ಉಳಿದಿದ್ದವು ಬೆರಳೆಣಿಕೆಯಷ್ಟು. ಕೂಲಿಯಿಲ್ಲದೆ ಊರನ್ನು ಶುಚಿಗೊಳಿಸುತ್ತಿದ್ದ ಜೀವದ ಬೆಲೆ ನಮಗೆ ತಿಳಿದದ್ದು ಆಗ.

ಇನ್ನು ನಮ್ಮ ಸೀಮೆಯ ಮಾತು. ಯಲ್ಲದಕೆರೆಯ ಸುತ್ತಲ ಗುಡ್ಡ, ಗೋಮಾಳ, ಕಾವಲುಗಳನ್ನು ನಾವು ಬೀಳು ಎನ್ನುತ್ತೇವೆ, ಬರಡು ಎನ್ನುತ್ತೇವೆ. ಮರವಿದ್ದರೆ ಮಾತ್ರ ಕಾಡು ಎಂಬುದು ನಮ್ಮ ಎಣಿಕೆ. ಇದು ತಪ್ಪು ತಿಳಿವಳಿಕೆ. ಹುಲ್ಲೂ ಒಂದು ಕಾಡೇ. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ, ಬಿದ್ದ ನಾಲ್ಕು ಹನಿ ಮಳೆಯನ್ನು ಇಂಗಿಸುತ್ತದೆ, ನಮ್ಮ ಕುರಿದನಗಳಿಗೆ ಮೇವಾಗುತ್ತದೆ. ಆ ಹುಲ್ಲನ್ನೇ ಮನೆ ಮಾಡಿಕೊಂಡ ಜೀವಗಳೂ ಇವೆ.

ಬಯಲುಸೀಮೆಯ ರೈತರು ಎರೆಭೂತ, ಎರ್ಲಡ್ಡು ಎಂದು ಕರೆಯುತ್ತಿದ್ದ ದೊಡ್ಡ ಹಕ್ಕಿಯ ಕಥೆ ಕೇಳಿರಿ. ಸುಮಾರು ಒಂದು ಮೀಟರ್ ಎತ್ತರ, ಹದಿನೈದು ಕಿಲೋ ತೂಗಬಲ್ಲ ಹಕ್ಕಿ. ಮಿಡತೆ, ಜೀರುಂಡೆಗಳನ್ನು ತಿಂದು ಬದುಕುತ್ತದೆ. ಗೂಡು ಕಟ್ಟುವುದಿಲ್ಲ, ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ರಾಣೇಬೆನ್ನೂರಿನ ಬಯಲಿನಲ್ಲಿ ಅದು ಹಿಂದೆ ಇತ್ತು. ಅಲ್ಲಿ ಹಸಿರು ಮಾಡುವುದು ಪುಣ್ಯವೆಂದು ನೀಲಗಿರಿ ನೆಟ್ಟರು. ನೀಲಗಿರಿ ಬೆಳೆಯಿತು, ಹುಲ್ಲು ಹೋಯಿತು, ಹಕ್ಕಿಯೂ ಹೋಯಿತು. 1974ರಲ್ಲಿ ಅಲ್ಲಿ ಅಭಯಧಾಮವಾದುದರಿಂದ ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ. ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಕೆಲವೇ ಕೆಲವು ಇವೆ. ಇಡೀ ದೇಶದಲ್ಲಿ ನೂರೈವತ್ತರ ಆಸುಪಾಸು. ಒಳ್ಳೆಯ ಮನಸ್ಸೊಂದೇ ಸಾಲದು, ಅದಕ್ಕೆ ಅರಿವೂ ಜೊತೆಯಾಗಬೇಕೆಂಬುದನ್ನು ಇದರಿಂದ ಕಲಿಯಬೇಕು.

ಎಲ್ಲವೂ ಕೈಮೀರಿತೆಂದು ನೀವು ಭಾವಿಸಬೇಕಿಲ್ಲ. ನಮ್ಮ ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರವೆಂಬ ಹುಲ್ಲೆಯಿದೆ. ಮೈ ಕಂದು, ಕೋಡಿನಲ್ಲಿ ಉಂಗುರಗಳು. ಕುಡಿಯಲು ನೀರಿಲ್ಲದಿದ್ದರೂ ಎಲೆಯ ರಸ, ಇಬ್ಬನಿಗಳಿಂದಲೇ ಬಹುದಿನ ಬದುಕಬಲ್ಲುದು. ಬರಗಾಲವನ್ನು ಸಹಿಸುವುದರಲ್ಲಿ ಅದು ನಮ್ಮವರಿಗೇ ಗುರು! ಸಂಶೋಧಕರು ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಅದರ ಇರುವಿಕೆಯನ್ನು ತೋರಿಸಿಕೊಟ್ಟ ಮೇಲೆ, 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಕಾಡನ್ನು ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ನಾಲ್ಕು ಕೋಡಿನ ಕೊಂಡುಕುರಿ, ಕೃಷ್ಣಮೃಗಗಳೂ ಅಲ್ಲಿವೆ. ಒಣನೆಲದ ಕಮರದ ಮರವೂ ಇದೆ. ನಾವು ಬರಡೆಂದು ಕರೆದ ನೆಲದಲ್ಲಿ ಇಂಥ ಸಂಪತ್ತು ಅಡಗಿತ್ತು. ಪಕ್ಕದ ಹಳ್ಳಿಯವರಾದ ನಾವು ಅದನ್ನು ಅರಿಯದೆ ಇದ್ದೆವು.

ಹಾಗಾದರೆ ನಾವು ಮಾಡಬೇಕಾದುದೇನು? ಹೊಸ ಹುಲ್ಲು ಚಿಗುರಲೆಂದು ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಹಾಕಬೇಡಿ. ನೆಲದ ಮೇಲಿನ ಮೊಟ್ಟೆ ಮರಿಗಳು ಆ ಬೆಂಕಿಯಲ್ಲಿ ಬೇಯುತ್ತವೆ. ಉರುಳು ಒಡ್ಡಬೇಡಿ, ನಾಯಿ ಬಿಟ್ಟು ಬೇಟೆಯಾಡಬೇಡಿ. 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧ. ಗಿಡ ನೆಡುವುದಾದರೆ ಮನೆಯ ಹಿತ್ತಿಲಲ್ಲಿ, ಹೊಲದ ಬದುವಿನಲ್ಲಿ, ಕೆರೆ ಏರಿಯ ಕೆಳಗೆ ನೆಡಿ. ಹುಲ್ಲುಗಾವಲನ್ನು ಅಗೆದು ನೆಡಬೇಡಿ. ದನಕ್ಕೆ ನೋವಾದಾಗ ಪಶುವೈದ್ಯರನ್ನು ಕೇಳಿ, ರಣಹದ್ದಿಗೆ ಹಾನಿಯಿಲ್ಲದ ಮೆಲೋಕ್ಸಿಕ್ಯಾಮ್‌ನಂಥ ಔಷಧವನ್ನೇ ಕೊಡಿಸಿ. ಇವಾವುದಕ್ಕೂ ಹೆಚ್ಚು ಹಣ ಬೇಡ, ಮನಸ್ಸು ಬೇಕು.

ಮನೆಯನ್ನು ನಾವು ಕಟ್ಟಬಹುದು, ಕೆರೆಯನ್ನು ತೋಡಬಹುದು. ಕಳೆದುಹೋದ ಒಂದು ಜೀವಜಾತಿಯನ್ನು ಮರಳಿ ತರಲು ಯಾರ ಕೈಯಿಂದಲೂ ಆಗದು. ನಮ್ಮ ಹಿರಿಯರು ನೋಡಿದುದನ್ನು ನಮ್ಮ ಮೊಮ್ಮಕ್ಕಳು ಚಿತ್ರದಲ್ಲಿ ಮಾತ್ರ ನೋಡುವಂತಾಗಬಾರದು. ಈ ಸಂಜೆ ಮನೆಗೆ ಹೋಗುವಾಗ ದಾರಿಯ ಬೀಳನ್ನು ಒಮ್ಮೆ ನಿಂತು ನೋಡಿ. ಅಲ್ಲಿ ಯಾರೋ ಬಾಳುತ್ತಿದ್ದಾರೆಂದು ನಿಮಗೆ ತೋರಿದರೆ, ನಾವು ಇಷ್ಟು ಹೊತ್ತು ಆಡಿದ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇವೆ.