ಸಂತೆ ಬಿಟ್ಟರೆ ಶರ್ಯತ್ತಿಲ್ಲ

ಮಹಾರಾಷ್ಟ್ರದ ಗಡಿ ತಾಲೂಕು ಜತ್ತದ ಯಲ್ಲಮ್ಮನ ಜಾತ್ರೆ ಮಾರ್ಗಶಿರದಲ್ಲಿ ಕೂಡುತ್ತದೆ. ಹಿಂಗಾರಿ ಬಿಳಿಜೋಳ ಬಿತ್ತಿ, ಎಡೆ ಹೊಡೆದು ಆಗಿರುತ್ತದೆ. ಸುಗ್ಗಿ ಇನ್ನೂ ದೂರ. ಎತ್ತಿಗೂ ರೈತನಿಗೂ ಬಿಡುವಿನ ಹೊತ್ತು. ಅದಕ್ಕೇ ದೇವಿಯ ಜಾತ್ರೆಯೊಡನೆ ಖಿಲಾರಿ ತಳಿಯ ದನಗಳ ಸಂತೆಯೂ ನೆರೆಯುತ್ತದೆ. ಈ ಸೀಮೆಯ ದನದ ಸಂತೆಗಳಲ್ಲಿ ಕೊಳ್ಳುವವನು ಮೊದಲು ಹೋರಿಯ ತುಟಿ ಸರಿಸಿ ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ಮೈಮೇಲಿನ ಸುಳಿ ಹುಡುಕುತ್ತಾನೆ. ಆಮೇಲೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಇಷ್ಟೆಲ್ಲ ನೋಡಿದರೂ ತಿಳಿಯದ ಸಂಗತಿ ಒಂದು ಉಳಿಯುತ್ತದೆ: ನಡಿಗೆ. ಜೋಡಿಗೆ ಹೆಜ್ಜೆ ಹೊಂದುತ್ತದೋ, ಗದ್ದಲಕ್ಕೆ ಬೆದರುತ್ತದೋ ಎಂಬುದು ಗಾಡಿಗೆ ಹೂಡಿದಾಗಲೇ ಗೊತ್ತಾಗಬೇಕು. ಎತ್ತಿನ ಗಾಡಿ ಓಟದ ಶರ್ಯತ್ತನ್ನು ಈ ಪರೀಕ್ಷೆಯ ಮುಂದುವರಿಕೆ ಎಂದೇ ನೋಡಬೇಕು, ಹಾಗೆ ನೋಡಿದರೆ ಮಾತ್ರ ಅದನ್ನು ಇಂದು ಹೇಗೆ ಏರ್ಪಡಿಸಬೇಕೆಂಬುದು ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ.

ಈ ಶರ್ಯತ್ತು ಕೋರ್ಟಿನ ಕಟ್ಟೆ ಹತ್ತಿ ಇಳಿದು ಬಂದದ್ದು. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ 2011ರಲ್ಲಿ ಕೇಂದ್ರ ಸರ್ಕಾರ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆಗೆ ಮಹಾರಾಷ್ಟ್ರದ ಗಾಡಿ ಓಟವನ್ನೂ ನಿಲ್ಲಿಸಿತು. ಓಟಕ್ಕೆ ಅವಕಾಶ ಕೊಡಲು ಮಹಾರಾಷ್ಟ್ರ 2017ರಲ್ಲಿ ಕಾಯ್ದೆ ತಿದ್ದಿದರೂ ಬಾಂಬೆ ಹೈಕೋರ್ಟಿನ ತಡೆ ಬಂತು. 2021ರ ಆಗಸ್ಟಿನಲ್ಲಿ ಆಟಪಾಡಿ ತಾಲೂಕಿನ ಝರೆಯಲ್ಲಿ, ಈಗ ಜತ್ತದ ಶಾಸಕರಾಗಿರುವ ಗೋಪಿಚಂದ ಪಡಳಕರ ಅವರ ಮುಂದಾಳತ್ವದಲ್ಲಿ, ನಿರ್ಬಂಧ ಮೀರಿ ಗಾಡಿಗಳು ಓಡಿದವು. ಅದೇ ವರ್ಷದ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟ್ ತಾತ್ಕಾಲಿಕ ಅನುಮತಿ ಕೊಟ್ಟಿತು. 2023ರ ಮೇ 18ರಂದು ಐವರ ಸಂವಿಧಾನ ಪೀಠ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಗೆದ್ದ ಸಂಭ್ರಮದಲ್ಲಿ ಗೆದ್ದದ್ದೇನು ಎಂಬುದು ಮರೆತುಹೋಗಬಾರದು. ತಿದ್ದುಪಡಿ ಕಾಪಾಡಿದ್ದು ಸಂಪ್ರದಾಯದ ಶರ್ಯತ್ತನ್ನು. ರೂಢಿಯ ದಿನ, ರೂಢಿಯ ಜಿಲ್ಲೆ, ಜಿಲ್ಲಾಧಿಕಾರಿ ಮೊದಲೇ ಒಪ್ಪಿದ ಜಾಗ. ನಿಯಮದ ಪ್ರಕಾರ ಓಟದ ದಾರಿ 1000 ಮೀಟರ್ ಮೀರುವಂತಿಲ್ಲ, ಹೋರಿಗಳಿಗೆ ಪಶುವೈದ್ಯರ ತಪಾಸಣೆ ಆಗಲೇಬೇಕು. ಕಾಯ್ದೆಯ ವ್ಯಾಖ್ಯೆಯಲ್ಲಿರುವುದು ಹೋರಿ, ಎತ್ತು ಮಾತ್ರ. ಈ ಗಡಿಸೀಮೆಯಲ್ಲಿ ಒಂದು ನೊಗಕ್ಕೆ ಎತ್ತು ಕುದುರೆ ಎರಡನ್ನೂ ಹೂಡಿ ಓಡಿಸುವ ಚಟವಿದೆ. ಎರಡರ ಹೆಜ್ಜೆ ಬೇರೆ, ಎತ್ತರ ಬೇರೆ. ಕುದುರೆಯ ಓಟಕ್ಕೆ ಎತ್ತು ಜಗ್ಗಿಸಿಕೊಂಡೇ ಹೋಗಬೇಕು. ಅಂಥ ಗಾಡಿಗೆ ಸಂಪ್ರದಾಯದ ಹೆಸರು ಹಾಕಿದರೆ ಸಂಪ್ರದಾಯಕ್ಕೇ ಕೇಡು.

ಹಿಂಸೆ ಹಿಂಸೆಯೇ, ಜಾತ್ರೆಯಲ್ಲಾದರೇನು ಎಂದು ಪ್ರಾಣಿಪ್ರಿಯರು ಕೇಳುತ್ತಾರೆ. ಎತ್ತಿನ ಮೈಕಟ್ಟು ಕುದುರೆಯಂತೆ ಓಟಕ್ಕಾಗಿ ಆದದ್ದಲ್ಲ ಎಂದು 2014ರ ತೀರ್ಪೇ ಹೇಳಿದೆ. ಈ ಮಾತನ್ನು ತಳ್ಳಿಹಾಕಲಾಗದು. ಆದ್ದರಿಂದಲೇ ಬಾರುಕೋಲು ಹಿಡಿದವನನ್ನು ಗೆದ್ದರೂ ಹೊರಗಿಡುವ ಧೈರ್ಯ ಶರ್ಯತ್ತಿನ ಕಮಿಟಿಗೆ ಬೇಕು. ಬಾಲ ತಿರುಚಿ ಗೆಲ್ಲುವ ಜೋಡಿಯಿಂದ ಸಂತೆಯಲ್ಲಿ ಕೊಳ್ಳುವವನಿಗೂ ಏನೂ ತಿಳಿಯುವುದಿಲ್ಲ. ನೋವಿಗೆ ಓಡಿದ್ದು ನಡಿಗೆಯಲ್ಲ.

ದೊಡ್ಡ ಬಹುಮಾನವಿಲ್ಲದಿದ್ದರೆ ಖಿಲಾರಿ ಸಾಕುವವರೇ ಉಳಿಯುವುದಿಲ್ಲ ಎನ್ನುವುದು ಇನ್ನೊಂದು ಮಾತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾದದ್ದು ನಿಜ. ಆದರೆ ಬೈಕು, ಜೀಪು ಇಟ್ಟು ಕರೆಯುವ ಶರ್ಯತ್ತಿಗೆ ಬೇಕಾದದ್ದು ಕೆಲವೇ ಹೋರಿ. ಆಕಳು ಕಟ್ಟಿದ ಮನೆಗೆ ಪ್ರತಿ ಹೋರಿಗರುವಿಗೂ ಗಿರಾಕಿ ಬೇಕು, ಓಡದ ಕರುವಿಗೂ. ಆ ಗಿರಾಕಿ ಸಿಗುವುದು ಸಂತೆಯಲ್ಲಿ. ಹಾಗಾಗಿ ಬಹುಮಾನದ ಹಣದಲ್ಲಿ ಒಂದು ಪಾಲನ್ನು ಈ ಬರದ ತಾಲೂಕಿನ ದನದ ಸಂತೆಗೆ ನೀರಿನ ಟ್ಯಾಂಕರು, ಮೇವು, ನೆರಳಿನ ಚಪ್ಪರಕ್ಕೆ ತೆಗೆದಿಡುವ ಕಮಿಟಿ ತಳಿಗೆ ಹೆಚ್ಚು ಉಪಕಾರ ಮಾಡುತ್ತದೆ.