ರಾಜಾವಳಿಯಲ್ಲಿಲ್ಲದ ಅರಸ: ಅಸ್ಸೀರಿಯದ ಪುಜುರ್-ಸಿನ್

ಪ್ರಾಚೀನ ಪಶ್ಚಿಮ ಏಷ್ಯದ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ಅಸ್ಸೀರಿಯದ ರಾಜಾವಳಿಯು ಅತ್ಯಂತ ಉಪಯುಕ್ತವಾದ ಆಧಾರವೆನಿಸಿದೆ. ಅರಸರ ಹೆಸರು, ಅವರ ತಂದೆಯ ಹೆಸರು, ಆಳಿದ ವರ್ಷಗಳ ಸಂಖ್ಯೆ, ಇವು ಅದರಲ್ಲಿ ಅನುಕ್ರಮವಾಗಿ ಬರುತ್ತವೆ. ಇದರ ಮುಖ್ಯ ಪ್ರತಿಗಳಲ್ಲೊಂದು 1932-33ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾಚ್ಯ ಸಂಸ್ಥೆಯವರು ಖೋರ್ಸಾಬಾದಿನಲ್ಲಿ ನಡೆಸಿದ ಉತ್ಖನನದಲ್ಲಿ ದೊರೆಯಿತು. ಅದು ಕ್ರಿ.ಪೂ. 738ರಲ್ಲಿ ಬರೆದ ಪ್ರತಿಯೆಂದು ಅದರ ಅಂತ್ಯಲೇಖದಿಂದ ತಿಳಿದುಬರುತ್ತದೆ. ಇಷ್ಟು ಕ್ರಮಬದ್ಧವಾದ ಪಟ್ಟಿಯೊಂದು ಕೈಯಲ್ಲಿರುವಾಗ, ಆ ಸಿಂಹಾಸನವನ್ನೇರಿದ ಎಲ್ಲರ ಹೆಸರುಗಳೂ ಅದರಲ್ಲಿರಬೇಕೆಂದು ಭಾವಿಸುವುದು ಸಹಜ. ಆದರೆ ಈ ಭಾವನೆ ಸರಿಯಲ್ಲವೆಂಬುದಕ್ಕೆ ಒಂದೇ ಒಂದು ಕಲ್ಲು ಸಾಕ್ಷಿಯಾಗಿದೆ. ಅದು ಪುಜುರ್-ಸಿನ್ ಎಂಬ ಅರಸನ ಶಾಸನ.

ಈ ಶಾಸನವು ಅಲಬಾಸ್ಟರ್ ಎಂಬ ನುಣುಪಾದ ಕಲ್ಲಿನ ಹಲಗೆಯ ಮೇಲೆ, ಅಕ್ಕಾಡಿಯನ್ ಭಾಷೆಯಲ್ಲಿ, ಬೆಣೆಲಿಪಿಯಲ್ಲಿ ಕೊರೆಯಲ್ಪಟ್ಟಿದೆ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಪುಜುರ್-ಸಿನ್ನನ ವಿಷಯವಾಗಿ ನಮಗೆ ತಿಳಿದಿರುವುದೆಲ್ಲವೂ ಈ ಒಂದು ಲೇಖದಿಂದಲೇ. ಅವನು ಅಶ್ಶೂರ್-ಬೇಲ್-ಶಮೆ ಎಂಬುವನ ಮಗ. ತಂದೆಯ ಹೆಸರಾಗಲಿ ಮಗನ ಹೆಸರಾಗಲಿ ರಾಜಾವಳಿಯಲ್ಲಿ ಕಾಣಿಸುವುದಿಲ್ಲ.

ಶಾಸನದ ಸಾರಾಂಶವು ಹೀಗಿದೆ: ಶಂಶಿ-ಅದದ್ ಅರಸನ ಸಂತತಿಯವನಾದ ಅಸಿನುಂ ಎಂಬುವನ ದುರಾಡಳಿತವನ್ನು ಪುಜುರ್-ಸಿನ್ ಕೊನೆಗಾಣಿಸಿ, ಅಶ್ಶೂರ್ ನಗರದಲ್ಲಿ ಯೋಗ್ಯವಾದ ಆಡಳಿತವನ್ನು ನೆಲೆಗೊಳಿಸಿದನು. ಅಸಿನುಮನ ಪಿತಾಮಹನಾದ ಶಂಶಿ-ಅದದನು ಪರಕೀಯನು, ಅಶ್ಶೂರಿನ ರಕ್ತಮಾಂಸಕ್ಕೆ ಸೇರದವನು, ನಗರಕ್ಕೆ ತಗುಲಿದ ಪಿಡುಗು, ಅದರ ದೇವಾಲಯಗಳನ್ನು ಕೆಡವಿದವನು. ಆದುದರಿಂದ ಅವನ ಅರಮನೆಯನ್ನೂ ಗೋಡೆಯನ್ನೂ ಅಶ್ಶೂರ್ ದೇವನ ಆಜ್ಞೆಯಂತೆ ಪುಜುರ್-ಸಿನ್ ನೆಲಸಮ ಮಾಡಿದನು. ಹಿಂದಿನ ಅರಸರ ಕಟ್ಟಡಗಳು ಶಿಥಿಲವಾಗಿರಲು ತಾನು ಜೀರ್ಣೋದ್ಧಾರ ಮಾಡಿಸಿದೆನೆಂದು ಹೇಳಿಕೊಳ್ಳುವುದು ಅಸ್ಸೀರಿಯದ ಅರಸರ ವಾಡಿಕೆ. ಪೂರ್ವಜನೊಬ್ಬನ ಅರಮನೆಯನ್ನು ಕೆಡವಿದುದನ್ನೇ ಪುಣ್ಯಕಾರ್ಯವೆಂದು ಸಾರುವ ಈ ಶಾಸನವು ಆ ಸಂಪ್ರದಾಯಕ್ಕೆ ತೀರ ವಿರುದ್ಧವಾದುದು.

ಇಂತಹ ದ್ವೇಷಕ್ಕೆ ಕಾರಣವೇನೆಂಬುದನ್ನು ತಿಳಿಯಲು ಹಿಂದಿನ ಪರಿಸ್ಥಿತಿಯನ್ನು ಸ್ವಲ್ಪ ನೋಡಬೇಕು. ಟೈಗ್ರಿಸ್ ನದಿಯ ಪಶ್ಚಿಮ ದಡದ ಮೇಲಿದ್ದ ಅಶ್ಶೂರ್ ಮೊದಲು ಒಂದು ನಗರರಾಜ್ಯ. ಅದರ ವರ್ತಕರು ಅನಟೋಲಿಯದ ಕಾನೆಶ್ ನಗರದವರೆಗೂ ವ್ಯಾಪಾರ ನಡೆಸುತ್ತಿದ್ದರು. ಅಲ್ಲಿನ ಆಳುವವನು ತನ್ನನ್ನು ಅರಸನೆಂದು ಕರೆದುಕೊಳ್ಳುತ್ತಿರಲಿಲ್ಲ. ಅಶ್ಶೂರ್ ದೇವನೇ ಅರಸ, ತಾನು ಆ ದೇವನ ಪ್ರತಿನಿಧಿ ಮಾತ್ರ ಎಂಬುದು ಅವನ ನಿಲುವು. 'ಇಶ್ಶಿಯಕ್ ಅಶ್ಶೂರ್' ಎಂಬ ಬಿರುದಿಗೆ ಇದೇ ಅರ್ಥ. ಕ್ರಿ.ಪೂ. 1808ರ ಸುಮಾರಿನಲ್ಲಿ ಅಮೊರೈಟ್ ವಂಶದ ಶಂಶಿ-ಅದದನು ಎಕಲ್ಲಾತುಮಿನಿಂದ ಬಂದು, ನರಾಂ-ಸಿನ್ನನ ಮಗನಾದ ಎರಿಶುಮನನ್ನು ಪದಚ್ಯುತಗೊಳಿಸಿ ಅಶ್ಶೂರನ್ನು ವಶಪಡಿಸಿಕೊಂಡನು. ಅವನ ರಾಜಧಾನಿಯಾದ ಶುಬತ್-ಎನ್ಲಿಲ್ ಬೇರೆಡೆಯಲ್ಲಿತ್ತು. ಅವನ ಒಬ್ಬ ಮಗ ಇಶ್ಮೆ-ದಗಾನ್ ಎಕಲ್ಲಾತುಮಿನಲ್ಲಿಯೂ, ಇನ್ನೊಬ್ಬ ಯಸ್ಮಾಹ್-ಅದ್ದು ಮಾರಿಯಲ್ಲಿಯೂ ಆಳಿದರು. ವಿಶ್ವದ ಅರಸನೆಂಬ ಬಿರುದನ್ನು ಧರಿಸಿದ ಅವನ ವಿಶಾಲ ರಾಜ್ಯದಲ್ಲಿ ಅಶ್ಶೂರ್ ಹಲವು ನಗರಗಳಲ್ಲಿ ಒಂದಾಯಿತು. ಅಲ್ಲಿನ ದೇವಾಲಯವನ್ನು ಅವನು ಪುನರ್ನಿರ್ಮಿಸಿದನಾದರೂ, ತನ್ನ ಶಾಸನದಲ್ಲಿ ಅದನ್ನು ಎನ್ಲಿಲ್ ದೇವನ ಆಲಯವೆಂದು ಕರೆದನು. ಪುಜುರ್-ಸಿನ್ ಹೊರಿಸುವ ದೇವಾಲಯ ಧ್ವಂಸದ ಆರೋಪಕ್ಕೆ ಈ ಪುನರ್ನಿರ್ಮಾಣವೇ ಮೂಲವಾಗಿದ್ದಿರಬಹುದು.

ಪುಜುರ್-ಸಿನ್ ತನಗೆ ಇಟ್ಟುಕೊಂಡ ಬಿರುದಾದರೋ ಹಳೆಯ 'ಇಶ್ಶಿಯಕ್ ಅಶ್ಶೂರ್' ಎಂಬುದೇ. ಅವನ ದೃಷ್ಟಿಯಲ್ಲಿ ತಾನು ಕ್ರಾಂತಿಕಾರಿಯಲ್ಲ. ಪರಕೀಯರ ಆಳಿಕೆಯಿಂದ ಕೆಟ್ಟಿದ್ದ ಪುರಾತನ ವ್ಯವಸ್ಥೆಯನ್ನು ಸರಿಪಡಿಸಿದವನು. ಶಂಶಿ-ಅದದನ ವಂಶದ ಬಗ್ಗೆ ನಗರದ ಮೂಲನಿವಾಸಿಗಳಲ್ಲಿದ್ದ ಅಸಮಾಧಾನಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಇನ್ನೊಂದಿಲ್ಲ.

ಈಗ ರಾಜಾವಳಿಯ ಕಡೆಗೆ ತಿರುಗೋಣ. ಇಶ್ಮೆ-ದಗಾನನಿಗೆ ಅದು 40 ವರ್ಷಗಳ ಆಳಿಕೆಯನ್ನು ಕೊಟ್ಟು, ಕೂಡಲೇ ಅಶ್ಶೂರ್-ದುಗುಲ್ ಎಂಬುವನನ್ನು ಹೆಸರಿಸುತ್ತದೆ. ಅವನು 'ಯಾರೂ ಅಲ್ಲದವನ ಮಗ', ಸಿಂಹಾಸನಕ್ಕೆ ಹಕ್ಕಿಲ್ಲದವನು. ಅವನ ಕಾಲದಲ್ಲಿಯೇ ಅಂಥವರೇ ಆದ ಇನ್ನೂ ಆರು ಮಂದಿ ಆಳಿದರೆಂದು ಹೇಳಿ, ಅವರಲ್ಲಿ ಕೊನೆಯವನಾದ ಅದಾಸಿಯ ಮಗ ಬೇಲ್-ಬಾನಿಯಿಂದ ಮುಂದಿನ ವಂಶವನ್ನು ಆರಂಭಿಸುತ್ತದೆ. ಅಸಿನುಮನಿಗೂ ಪುಜುರ್-ಸಿನ್ನನಿಗೂ ಇಲ್ಲಿ ಎಡೆಯಿಲ್ಲ. ಆದರೆ ಅಶ್ಶೂರಿನಲ್ಲಿ ದೊರೆತ ಬೇರೊಂದು ಪಟ್ಟಿಯ ತುಣುಕಿನಲ್ಲಿ ಇಶ್ಮೆ-ದಗಾನನ ತರುವಾಯ ಮುತ್-ಅಶ್ಕುರ್ ಮೊದಲಾದವರ ಹೆಸರುಗಳು ಬರುತ್ತವೆ. ಅವುಗಳಲ್ಲಿ ಅಸಿನುಂ ಎಂಬುದೂ ಒಂದೆಂದು ವಿದ್ವಾಂಸರು ಓದಿದ್ದಾರೆ. ಇದರಿಂದ ಶಾಸನದ ಹೇಳಿಕೆಗೆ ಹೊರಗಿನ ಬೆಂಬಲ ದೊರೆತಂತಾಗಿದೆ. ಪುಜುರ್-ಸಿನ್ನನ ಆಳಿಕೆಯು ಇಶ್ಮೆ-ದಗಾನನಿಗೂ ಬೇಲ್-ಬಾನಿಗೂ ನಡುವಿನ ಗೊಂದಲದ ಅವಧಿಗೆ ಸೇರಿದುದೆಂದು ನಿರ್ಧರಿಸಲು ಇಷ್ಟು ಸಾಕು.

ಹಾಗಾದರೆ ರಾಜಾವಳಿಯು ಅವನನ್ನು ಬಿಟ್ಟುದೇಕೆ? ಅಕ್ರಮವಾಗಿ ಸಿಂಹಾಸನವನ್ನೇರಿದನೆಂಬುದು ಕಾರಣವಾಗಲಾರದು. ಏಕೆಂದರೆ 'ಯಾರೂ ಅಲ್ಲದವನ ಮಕ್ಕಳಾದ' ಏಳು ಮಂದಿಗೆ ಅದರಲ್ಲಿ ಸ್ಥಾನವಿದೆ. ಕಾರಣವನ್ನು ಶಂಶಿ-ಅದದನಿಗೆ ದೊರೆತ ಮನ್ನಣೆಯಲ್ಲಿ ಹುಡುಕಬೇಕು. ರಾಜಾವಳಿಯ ಆದಿಭಾಗದಲ್ಲಿ ಆ ಅರಸನ ಪೂರ್ವಜರೇ ಅಸ್ಸೀರಿಯದ ಪ್ರಾಚೀನ ಅರಸರಾಗಿ ಕಾಣಿಸಿಕೊಳ್ಳುತ್ತಾರೆ. ಹೊರಗಿನಿಂದ ಬಂದವನ ವಂಶವನ್ನು ನಗರದ ಪರಂಪರೆಯೊಡನೆ ಹೆಣೆದಿರುವುದು ಇಲ್ಲಿ ಸ್ಪಷ್ಟವಾಗಿದೆ. ಮುಂದೆ ಅವನ ಹೆಸರನ್ನೇ ನಾಲ್ವರು ಅರಸರು ಇಟ್ಟುಕೊಂಡರು. ಅವರಲ್ಲಿ ಕೊನೆಯವನಾದ ಐದನೆಯ ಶಂಶಿ-ಅದದನು ಕ್ರಿ.ಪೂ. 823ರಿಂದ 811ರವರೆಗೆ ಆಳಿದನು. ಕ್ರಿ.ಪೂ. 13ನೆಯ ಶತಮಾನದ ಒಂದನೆಯ ಶಲ್ಮನೇಸರನು ಅಶ್ಶೂರ್ ದೇವಾಲಯದ ಚರಿತ್ರೆಯನ್ನು ಹೇಳುವಾಗ, ಎರಿಶುಮನ ತರುವಾಯ 159 ವರ್ಷಗಳಾದ ಮೇಲೆ ಅದನ್ನು ಪುನಃ ಕಟ್ಟಿಸಿದವನು ಶಂಶಿ-ಅದದನೆಂದು ಗೌರವದಿಂದ ಸ್ಮರಿಸಿದ್ದಾನೆ. ಪುಜುರ್-ಸಿನ್ನನ ಶಾಸನದಲ್ಲಿ ದೇವಾಲಯಗಳನ್ನು ಕೆಡವಿದ ಪರಕೀಯನೇ ಶಲ್ಮನೇಸರನ ಶಾಸನದಲ್ಲಿ ದೇವಾಲಯದ ನಿರ್ಮಾತೃವಾಗಿದ್ದಾನೆ. ಶಂಶಿ-ಅದದನನ್ನು ಪೂರ್ವಿಕನಾಗಿ ಸ್ವೀಕರಿಸಿದ ಪರಂಪರೆಗೆ, ಅವನ ಅರಮನೆಯನ್ನು ಕೆಡವಿ ಆ ಕೃತ್ಯವನ್ನು ಕೊಂಡಾಡಿಕೊಂಡವನನ್ನು ಅದೇ ಸಾಲಿನಲ್ಲಿ ಕೂರಿಸುವುದು ಕಷ್ಟವಾಗಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಆದರೆ ಪುಜುರ್-ಸಿನ್ನನ ಮಾತನ್ನೂ ಹಾಗೆಯೇ ನಂಬುವಂತಿಲ್ಲ. ಅಧಿಕಾರವನ್ನು ಬಲದಿಂದ ಪಡೆದವನು ತಾನು ಸೋಲಿಸಿದ ಎದುರಾಳಿಯನ್ನು ಕುರಿತು ಆಡಿದ ಮಾತು ಅದು. ತನ್ನ ಕಾರ್ಯವನ್ನು ಸಮರ್ಥಿಸಿಕೊಳ್ಳುವ ಅಗತ್ಯ ಅವನಿಗಿತ್ತು. ರಾಜಾವಳಿಯಾಗಲಿ ಶಿಲಾಶಾಸನವಾಗಲಿ ಯಾವುದೊಂದೂ ಇಲ್ಲಿ ನಿಷ್ಪಕ್ಷಪಾತವಾದ ಸಾಕ್ಷ್ಯವಲ್ಲ. ಅರಸರ ಅನುಕ್ರಮಕ್ಕಾಗಿ ರಾಜಾವಳಿಯನ್ನು ಅವಲಂಬಿಸುವ ವಿದ್ಯಾರ್ಥಿಯು, ಅದನ್ನು ಸಿದ್ಧಪಡಿಸಿದವರಿಗೆ ಯಾರ ನೆನಪು ಬೇಕಾಗಿತ್ತು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಆ ಕಲ್ಲಿನ ಹಲಗೆ ಉಳಿಯದೆ ಹೋಗಿದ್ದರೆ ಪುಜುರ್-ಸಿನ್ ಎಂಬ ಅರಸನಿದ್ದನೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಪಟ್ಟಿಯಲ್ಲಿ ಅವನ ಸ್ಥಾನ ತೆರವಾಗಿದೆಯೆಂಬ ಸಂಶಯವೂ ಯಾರಿಗೂ ಬರುತ್ತಿರಲಿಲ್ಲ.