ಮಿದುಳಿನ ದ್ರವ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮಿದುಳಿನ ಸುತ್ತ ದಿನವೂ ಹೊಸ ದ್ರವ ಹುಟ್ಟುತ್ತದಂತೆ. ಹಾಗಾದರೆ ಹಳೆಯದು ಎಲ್ಲಿಗೆ ಹೋಗುತ್ತದೆ?

ಉತ್ತರ: ಕೊನೆಗೆ ರಕ್ತಕ್ಕೇ ಮರಳುತ್ತದೆ. ವಯಸ್ಕರಲ್ಲಿ ಒಂದು ಹೊತ್ತಿಗೆ ಇರುವ ಮಿದುಳುಬಳ್ಳಿ ದ್ರವ ಸುಮಾರು 150 ಮಿಲಿಲೀಟರ್. ದಿನಕ್ಕೆ ತಯಾರಾಗುವುದು ಸುಮಾರು 500. ಅಂದರೆ ಅಷ್ಟೂ ದ್ರವ ದಿನಕ್ಕೆ ಮೂರು ಸಲಕ್ಕೂ ಹೆಚ್ಚು ಬದಲಾಗುತ್ತದೆ!

ಬಹುಪಾಲು ದ್ರವ ಮಿದುಳಿನೊಳಗಿನ ಕುಹರಗಳಲ್ಲಿರುವ ಕೋರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲಿನಿಂದ ಒಸರುತ್ತದೆ. ಎರಡು ಪಾರ್ಶ್ವ ಕುಹರಗಳಿಂದ ಮೂರನೆಯದಕ್ಕೆ, ಅಲ್ಲಿಂದ ಸಪೂರ ನಾಲೆಯೊಂದರ ಮೂಲಕ ನಾಲ್ಕನೆಯದಕ್ಕೆ ಇಳಿದು, ಸಣ್ಣ ರಂಧ್ರಗಳಿಂದ ಹೊರಬಂದು ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿಯುತ್ತದೆ. ಇದನ್ನು ದೂಡಲು ಪ್ರತ್ಯೇಕ ಪಂಪಿಲ್ಲ; ನಾಡಿಮಿಡಿತ, ಉಸಿರಾಟಗಳೇ ಮುಖ್ಯ ಬಲ. ಹಾಗಾಗಿ ಅದು ಹೊಳೆಯಂತೆ ಒಂದೇ ದಿಕ್ಕಿಗೆ ಹರಿಯದೆ, ಪ್ರತಿ ಬಡಿತಕ್ಕೂ ಹಿಂದೆಮುಂದೆ ತುಯ್ಯುತ್ತ ಸಾಗುತ್ತದೆ.

ಹೀರಿಕೆಯ ವಿಷಯ ಇನ್ನೂ ಸ್ವಾರಸ್ಯಕರ. ನಡುನೆತ್ತಿಯ ಕೆಳಗಿನ ದೊಡ್ಡ ಸಿರೆಯೊಳಕ್ಕೆ ಚಾಚಿರುವ ಅರಕ್ನಾಯ್ಡ್ ಮೊಗ್ಗುಗಳ ಮೂಲಕ ದ್ರವ ರಕ್ತ ಸೇರುತ್ತದೆ ಎಂದೇ ಪಠ್ಯಪುಸ್ತಕಗಳು ಬಹುಕಾಲ ಕಲಿಸಿದವು. ಅದು ಅರ್ಧ ಕಥೆ. ಒಂದಷ್ಟು ದ್ರವ ಘ್ರಾಣನರಗಳ ಜೊತೆಗೆ ಮೂಗಿನ ಮೇಲಿನ ಜರಡಿ ಮೂಳೆಯನ್ನು ದಾಟಿ ಕುತ್ತಿಗೆಯ ದುಗ್ಧಗ್ರಂಥಿಗಳತ್ತ ಹೋಗುತ್ತದೆ. 2015ರಲ್ಲಿ ಇಲಿಗಳ ಮಿದುಳುಪೊರೆಯಲ್ಲೂ ಕೆಲಸ ಮಾಡುವ ದುಗ್ಧನಾಳಗಳನ್ನು ವಿಜ್ಞಾನಿಗಳು ವರ್ಣಿಸಿದರು. ಯಾವ ದಾರಿಯ ಪಾಲೆಷ್ಟು ಎಂಬ ಚರ್ಚೆ ನಡೆದೇ ಇದೆ.

ದಾರಿ ಕಟ್ಟಿಕೊಂಡರೂ ತಯಾರಿಕೆ ನಿಲ್ಲುವುದಿಲ್ಲ. ಆಗ ಕುಹರಗಳು ಉಬ್ಬುತ್ತವೆ, ಹಸುಗೂಸಿನ ತಲೆ ಅತಿಯಾಗಿ ಬೆಳೆಯುತ್ತದೆ, ಇದೇ ಜಲಮಸ್ತಿಷ್ಕ. ಶಂಟ್ ಎಂಬ ನಳಿಕೆಯಿಂದ ದ್ರವವನ್ನು ಸಾಮಾನ್ಯವಾಗಿ ಉದರದೊಳಕ್ಕೆ ಹರಿಸುತ್ತಾರೆ, ಅಲ್ಲಿನ ಒಳಪೊರೆ ಅದನ್ನು ಹೀರಿಕೊಳ್ಳುತ್ತದೆ. ಮಗುವಿನ ತಲೆ ಬೇಗಬೇಗ ದೊಡ್ಡದಾಗುತ್ತಿದ್ದರೆ ದಯವಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಿ.